ಉಪವಾಸದ ದಿನಗಳಲ್ಲಿ ನಾನು ನುಂಗದ ಗುಳಿಗೆಗಳು

ಮೊದಲು ಬಂದದ್ದು ಸಂಜೆಯ ಜ್ವರ. ತೊಗರಿ ರಾಶಿಯ ದಿನಗಳು. ಮಹಾರಾಷ್ಟ್ರದ ಗಡಿಯೂರು ತುರೋರಿಯ ನಮ್ಮ ಓಣಿಯಲ್ಲಿ ಎಲ್ಲರೂ ಕೆಮ್ಮುತ್ತಿದ್ದರು. ಧೂಳು ಎಂದುಕೊಂಡೆ. ಮೂರು ವಾರವಾದರೂ ಕೆಮ್ಮು ನಿಲ್ಲಲಿಲ್ಲ. ರವಿಕೆಗಳು ಸಡಿಲವಾದವು. ನನ್ನ ಗಂಡ ಸಮುವೇಲ ದರ್ಜಿ. ಎರಡು ಸಲ ಹೊಲಿಗೆ ಹಿಡಿದುಕೊಟ್ಟರು. ಮೂರನೆಯ ಸಲ ರವಿಕೆಯನ್ನು ಮಷೀನಿನ ಮೇಲಿಟ್ಟು, “ನಾಳಿ ಉಮರ್ಗಾ ದವಾಖಾನಿಗೆ ಹೋಗೂಣು” ಎಂದರು.

ಕಫದ ಟೆಸ್ಟ್ ಆಯಿತು. ಎಕ್ಸ್‌ರೇ ಆಯಿತು.

ಟಿಬಿ.

ಆರು ತಿಂಗಳ ಚಿಕಿತ್ಸೆ, ಒಂದು ದಿನವೂ ತಪ್ಪಬಾರದು ಎಂದರು ಡಾಕ್ಟರ್. ಗುಳಿಗೆಗಳನ್ನು ಮನೆಗೆ ತರುತ್ತಿದ್ದವಳು ನಮ್ಮ ಓಣಿಯ ಆಶಾ ಕಾರ್ಯಕರ್ತೆ ಮಾಳವ್ವ. ಕುರಿ ಸಾಕುವ ಮನೆತನದವಳು, ಬೀರಪ್ಪನ ಭಕ್ತೆ, ಹಣೆಯ ತುಂಬ ಭಂಡಾರದ ಅರಿಶಿನ ಬಳಿದುಕೊಂಡೇ ಓಡಾಡುವವಳು. ಮೊದಲ ದಿನ ಪಾಕೀಟುಗಳನ್ನು ನನ್ನ ಕೈಗಿಟ್ಟು ಹೇಳಿದಳು: “ರೂತಕ್ಕಾ, ಇದಕ್ಕ ರೊಕ್ಕ ಬ್ಯಾಡ, ಯಾರ ವಶೀಲಿನೂ ಬ್ಯಾಡ. ಫುಕಟ್ ಅದಾವ. ನುಂಗೋದೊಂದೇ ನಿಮ್ಮ ಕೆಲಸ ನೋಡ್ರಿ.”

ನುಂಗಿದೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು. ಅದು ಔಷಧಿಯ ಬಣ್ಣ, ಹೆದರಬೇಡಿ ಎಂದಿದ್ದರು. ಎರಡು ತಿಂಗಳಲ್ಲಿ ಜ್ವರ ಬಿಟ್ಟಿತು, ಊಟ ರುಚಿಸತೊಡಗಿತು.

ಆಗ ಉಪವಾಸದ ಕಾಲ ಬಂತು.

ನಾವು ಕ್ರೈಸ್ತರು. ಈಸ್ಟರ್‌ಗೆ ಮುಂಚಿನ ನಲವತ್ತು ದಿನ ನಮ್ಮ ಚಿಕ್ಕ ಸಭೆಯಲ್ಲಿ ಕೆಲವರು ಬೆಳಗಿನಿಂದ ಸಂಜೆಯ ಪ್ರಾರ್ಥನೆಯವರೆಗೆ ನೀರನ್ನೂ ಮುಟ್ಟುವುದಿಲ್ಲ. ದಿನಕ್ಕೊಬ್ಬರ ಮನೆಯಲ್ಲಿ ಪ್ರಾರ್ಥನೆ, ಆಮೇಲೆ ಊಟ. ಇಪ್ಪತ್ತೆರಡು ವರ್ಷ ನಾನು ಒಂದು ದಿನವೂ ಬಿಟ್ಟವಳಲ್ಲ. ಪಾಸ್ಟರ್ ವೇದಿಕೆಯಿಂದಲೇ ಹೇಳುತ್ತಿದ್ದರು, “ಉಪವಾಸ ಅಂದ್ರ ಹ್ಯಾಂಗಿರಬೇಕು, ರೂತಕ್ಕನ್ನ ನೋಡಿ ಕಲೀರಿ.” ನಾನು ತಲೆ ತಗ್ಗಿಸುತ್ತಿದ್ದೆ. ಆದರೆ ಪ್ರತಿ ಅಕ್ಷರವನ್ನೂ ಕೇಳಿಸಿಕೊಳ್ಳುತ್ತಿದ್ದೆ.

ಬೆಳಗಿನ ಗುಳಿಗೆಗೆ ನೀರು ಬೇಕು. ನೀರು ಕುಡಿದರೆ ಉಪವಾಸ ಮುರಿಯುತ್ತದೆ. ಮೊದಲ ಕೆಲವು ದಿನ ಸಂಜೆಗೆ ನುಂಗಿ ನೋಡಿದೆ; ಇಡೀ ದಿನದ ಖಾಲಿ ಹೊಟ್ಟೆ ಅದನ್ನು ಹೊರಗೆ ಹಾಕಿತು. ಆಮೇಲೆ ಬಿಟ್ಟೇಬಿಟ್ಟೆ. ಹೇಗೂ ಗುಣವಾಗಿದ್ದೇನೆ, ಉಳಿದದ್ದನ್ನು ದೇವರು ನೋಡಿಕೊಳ್ಳುತ್ತಾನೆ ಎಂದುಕೊಂಡೆ. ಅದಕ್ಕೆ ನಂಬಿಕೆ ಎಂದು ಹೆಸರಿಟ್ಟೆ.

ಸುಳ್ಳನ್ನೂ ಹೇಳಿದೆ. ದಿನವೂ ಪಾಕೀಟು ಒಡೆದು ಗುಳಿಗೆಗಳನ್ನು ಹಳೆಯ ಪೌಡರ್ ಡಬ್ಬಿಯಲ್ಲಿ ಹಾಕಿ, ಖಾಲಿ ಪಾಕೀಟನ್ನು ಮಾಳವ್ವನಿಗೆ ತೋರಿಸುತ್ತಿದ್ದೆ. ಸಮುವೇಲರಿಗೂ ಅದನ್ನೇ ತೋರಿಸಿದೆ. ಮೂತ್ರದ ಬಣ್ಣ ತಿಳಿಯಾದಾಗ ಸಂತೋಷಪಟ್ಟೆ, ಒಳಗೆ ಏನೋ ತೊಳೆದುಹೋದಂತೆ.

ನಾಲ್ಕನೆಯ ವಾರ ಪ್ರಾರ್ಥನೆ ಸುಗಂಧಾಳ ಮನೆಯಲ್ಲಿತ್ತು. ಸುಗಂಧಾ ನಮ್ಮ ಸಭೆಯವಳು, ನನ್ನನ್ನು ಅಕ್ಕನಂತೆ ಕಾಣುವವಳು. ನಾನು ಬೈಬಲ್ ವಾಕ್ಯ ಓದುತ್ತಿದ್ದೆ. ಮಕ್ಕಳು ಮುಂದೆ ಚಾಪೆಯ ಮೇಲೆ ಕೂತಿದ್ದರು. ಕೆಮ್ಮು ಬಂತು. ಸೆರಗಿನಿಂದ ಬಾಯಿ ಒತ್ತಿಕೊಂಡೆ.

ರಕ್ತ.

ಆಸ್ಪತ್ರೆಯಲ್ಲಿ ಡಾಕ್ಟರ್ ಮರಾಠಿಯಲ್ಲಿ ಕೇಳಿದರು, ಗುಳಿಗೆ ತಪ್ಪಿದವೇ ಎಂದು. ನನಗಿಂತ ಮೊದಲು ಸಮುವೇಲರೇ ಉತ್ತರ ಕೊಟ್ಟರು: “ಇಲ್ಲ ಸಾಹೇಬ್ರ, ದಿನಾ ತಗೊಂಡಾಳ. ನಾ ನೋಡೀನಿ.”

ಅವರು ನೋಡಿದ್ದು ಖಾಲಿ ಪಾಕೀಟು. “ತಪ್ಪ್ಯಾವ,” ಎಂದೆ. “ನಾನೇ ಬಿಟ್ಟೀನಿ.”

ಸಮುವೇಲರು ನನ್ನ ಮುಖ ನೋಡಲಿಲ್ಲ. ನೆಲ ನೋಡಿದರು.

ನಡುವೆ ಬಿಟ್ಟದ್ದರಿಂದ ರೋಗದ ಕ್ರಿಮಿಗಳು ಈ ಔಷಧಿಗೆ ಬಗ್ಗದಂತೆ ಆಗಿರಬಹುದು, ಹಾಗಾಗಿದ್ದರೆ ಮುಂದಿನ ದಾರಿ ಬಹಳ ಕಠಿಣ ಎಂದರು ಡಾಕ್ಟರ್. ನನ್ನನ್ನು ಅಲ್ಲೇ ಇರಿಸಿಕೊಂಡು ಸ್ಯಾಂಪಲ್ ಹೊರಗೆ ಕಳಿಸಿದರು. ಪ್ರಾರ್ಥನೆಗೆ ಬಂದವರನ್ನೆಲ್ಲ ಪರೀಕ್ಷೆ ಮಾಡಬೇಕು, ಮಕ್ಕಳನ್ನು ಮೊದಲು.

ನನ್ನ ಜೀವದ ಭಯಕ್ಕಿಂತ ಆ ಚಾಪೆ ಹೆಚ್ಚು ಕಾಡಿತು.

ಮರುದಿನ ಮಾಳವ್ವ ಬಂದಳು. ಎಲ್ಲವನ್ನೂ ಹೇಳಿದೆ.

“ನಾವೂ ಬೀರಪ್ಪಗ ಉಪಾಸ ಮಾಡ್ತೀವಿ ರೀ,” ಎಂದಳು. “ಆದ್ರ ದೇವರು ಕೊಟ್ಟಿದ್ದು ಡಬ್ಬ್ಯಾಗ ಮುಚ್ಚಿಟ್ಟು, ಖಾಲಿ ಹೊಟ್ಟಿ ತೋರಿಸಿ ಅಂವಗೇ ಉಪಕಾರ ಮಾಡೀನಿ ಅನ್ನಂಗಿಲ್ಲ.”

ರಕ್ಷಣೆ ದೇವರ ವರ, ನಮ್ಮ ಕ್ರಿಯೆಗಳಿಂದ ಬಂದದ್ದಲ್ಲ ಎಂದು ಎಷ್ಟು ವರ್ಷ ಸಂಡೇ ಸ್ಕೂಲಿನ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆ. ಅದೇ ನಾನು, ಕೃಪೆಯನ್ನು ಸುಮ್ಮನೆ ಪಡೆಯಲು ಒಪ್ಪದೆ, ಆತನು ಕೇಳದೇ ಇದ್ದ ಒಂದನ್ನು ಕೊಟ್ಟು ದೊಡ್ಡವಳಾಗಲು ಹೋಗಿ, ಆತನು ಕೇಳಿದ್ದ ಸಣ್ಣದೊಂದನ್ನು ಮಾಡದೆ ಬಿಟ್ಟಿದ್ದೆ.

ಪಾಸ್ಟರ್ ಮಾಸ್ಕ್ ಹಾಕಿಕೊಂಡು ವಾರ್ಡಿನ ಬಾಗಿಲಲ್ಲಿ ನಿಂತರು. “ತಪ್ಪು ನಂದೂ ಅದ ಅಕ್ಕಾ. ನಿಮ್ಮ ಹೆಸರು ಹೇಳಿ ಹೇಳಿ ನಿಮ್ಮ ತಲಿ ಮ್ಯಾಲ ಒಂದು ಗಂಟು ಹೊರಿಸಿದೆ. ಇಳಸಾಕ ದಾರಿ ಇಡಲಿಲ್ಲ.”

“ಈಗ ವಿಧೇಯತೆ ಅಂದ್ರ ಏನ್ರಿ ಪಾಸ್ಟರ್?”

ಯೋಚಿಸಿದರು. “ಮುಂಜಾನಿ ಗುಳಿಗಿ,” ಎಂದರು.

ನನಗೆ ನಗು ಬಂತು. ನಗುವಿನಿಂದ ಕೆಮ್ಮು ಬಂತು. ಆದರೂ ನಕ್ಕೆ.

ಮಕ್ಕಳ ವರದಿಗಳು ಒಂದೊಂದಾಗಿ ಬಂದವು. ಯಾರಿಗೂ ಏನೂ ಆಗಿರಲಿಲ್ಲ. ಕೊನೆಗೆ ನನ್ನದು ಬಂತು: ಹಳೆಯ ಔಷಧಿಯೇ ಕೆಲಸ ಮಾಡುತ್ತದೆ. ಆದರೆ ಮೊದಲ ದಿನದಿಂದ ಮತ್ತೆ ಆರಂಭ.

ಶುಭ ಶುಕ್ರವಾರ ಆಸ್ಪತ್ರೆಯಲ್ಲೇ ಬಂತು. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ಆ ದಿನ ಬೆಳಿಗ್ಗೆ ನೀರು ಕುಡಿದೆ, ಗುಳಿಗೆ ನುಂಗಿದೆ. ಸ್ವಲ್ಪ ಹೊತ್ತಿಗೆ ಸಮುವೇಲರು ಉಪ್ಪಿಟ್ಟಿನ ಡಬ್ಬಿ ತಂದರು. ಅಷ್ಟು ದಿನ ಅವರು ಹೆಚ್ಚು ಮಾತಾಡಿರಲಿಲ್ಲ. “ಉಣ್ಣು,” ಎಂದರು. ತಾವೇ ಮೊದಲ ತುತ್ತು ನನ್ನ ಬಾಯಿಗೆ ಹಿಡಿದರು. ಆ ತುತ್ತಿಗೆ ತಕ್ಕದ್ದನ್ನು ನಾನು ಏನೂ ಮಾಡಿರಲಿಲ್ಲ. ಮಾಡಿದ್ದು ಸುಳ್ಳು ಮಾತ್ರ. ಬಾಯಿ ತೆರೆದೆ. ವಿಧೇಯತೆ ಅಷ್ಟೇ ಹಗುರವಾಗಿ ಇರಬಹುದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆರು ತಿಂಗಳು. ಒಂದು ದಿನವೂ ತಪ್ಪಲಿಲ್ಲ. ಈ ಸಲ ಮಾಳವ್ವ ಎದುರಿಗೆ ಕೂತು, “ಆ ಅನ್ರಿ” ಎಂದು ನಾಲಿಗೆ ನೋಡಿಯೇ ಏಳುತ್ತಿದ್ದಳು.

ನೆಗೆಟಿವ್.

ಮಾಳವ್ವ ಆ ವರದಿಯ ಕಾಗದವನ್ನು ಓಣಿಯ ಪ್ರತಿ ಮನೆಗೂ ಒಯ್ದು ತೋರಿಸಿದಳು, ತನ್ನ ಮಗಳ ಪಾಸಾದ ಕಾಗದದಂತೆ.

ಸಭೆಯಲ್ಲಿ ಸಾಕ್ಷಿ ಹೇಳಲು, ದೇವರು ಮಾಡಿದ್ದನ್ನು ಎಲ್ಲರ ಮುಂದೆ ಹೇಳಲು, ಕರೆದರು. ಬಾಗಿಲಲ್ಲೇ ಒಬ್ಬರು ನನ್ನ ಕೈ ಹಿಡಿದು, “ರಕ್ತ ಕಾರಿದ್ರೂ ಉಪವಾಸ ಬಿಡಲಿಲ್ಲ, ಅದಕ್ಕೇ ದೇವರು ನೋಡ್ಯಾನ” ಎಂದರು. ಕಥೆ ನನಗಿಂತ ಮುಂಚೆಯೇ ತಯಾರಾಗಿತ್ತು. ಸುಮ್ಮನಿದ್ದರೆ ಸಾಕಿತ್ತು. ಮೊದಲಿಗಿಂತ ದೊಡ್ಡವಳಾಗಿ ಮನೆಗೆ ಹೋಗಬಹುದಿತ್ತು.

ಎದ್ದು ನಿಂತೆ. ಪೌಡರ್ ಡಬ್ಬಿಯಿಂದ ಹಿಡಿದು ಚಾಪೆಯವರೆಗೆ ಎಲ್ಲವನ್ನೂ ಹೇಳಿದೆ. ನನ್ನ ಉಪವಾಸ ನನ್ನನ್ನು ಉಳಿಸಲಿಲ್ಲ, ಅದರ ಅಡ್ಡಿಯನ್ನೂ ದಾಟಿ ದೇವರು ನನ್ನನ್ನು ಉಳಿಸಿದನು ಎಂದೆ. ಧ್ವನಿ ಗಟ್ಟಿಯಾಗಿಯೇ ಬಂತು. ಅಷ್ಟು ಉಸಿರು ನನ್ನ ಎದೆಯಲ್ಲಿ ಉಳಿದಿತ್ತು.

ಹಿಂದಿನ ಸಾಲಿನಿಂದ ಮುದುಕಿ ಶಾಂತಮ್ಮ ಹೇಳಿದಳು, “ಹಿಂಗಂತ ಮೊದಲೇ ಹೇಳಬಾರದೇನವಾ? ನಿನ್ನ ಹೆದರಿಕಿಗೆ ಇಷ್ಟು ವರ್ಷ ನಾ ಚಹಾ ಬಿಟ್ಟೀನಲ್ಲ.” ಸಭೆ ನಕ್ಕಿತು. ಪಾಸ್ಟರ್ ಎಲ್ಲರಿಗಿಂತ ಜೋರಾಗಿ ನಕ್ಕರು.

ಆರಾಧನೆಯ ನಂತರ ಸುಗಂಧಾ ನನ್ನನ್ನು ಪಡಸಾಲೆಗೆ ಕರೆದಳು. “ಅಕ್ಕಾ, ಪ್ರತಿ ಶುಕ್ರವಾರ ಉಪವಾಸ ಅಂತ ನಾ ಬಿಪಿ ಗೋಳಿ ಬಿಡ್ತೀನಿ. ನೀರೂ ಮುಟ್ಟದ ಉಪವಾಸ ನಿಮ್ಮನ್ನ ನೋಡೇ ಕಲ್ತಿದ್ದು.”

ಈಗ ಶುಕ್ರವಾರ ಬೆಳಿಗ್ಗೆ ಅವಳ ಮನೆಗೆ ಹೋಗುತ್ತೇನೆ. ಯಾರೂ ಕಳಿಸಿದ್ದಲ್ಲ. ಏರು ಹತ್ತಿದರೆ ಇನ್ನೂ ಉಸಿರು ಹಿಡಿಯುತ್ತದೆ, ಮತ್ತೊಮ್ಮೆ ಪರೀಕ್ಷೆಗೆ ಬರಲು ಹೇಳಿದ್ದಾರೆ. ಆದರೂ ದಾರಿಯುದ್ದಕ್ಕೂ ಹಾಡಿಕೊಂಡೇ ಹೋಗುತ್ತೇನೆ. ಹೋದ ವಾರ ಅವಳು ತಟ್ಟೆಯ ಮುಂದೆ ಕೈ ಕಟ್ಟಿ ಕೂತಿದ್ದಳು.

“ಅಕ್ಕಾ, ಉಂಡು ಪ್ರಾರ್ಥನಾ ಮಾಡಿದ್ರ ದೇವರು ಕೇಳ್ತಾನೇನು?”

“ನೀ ಕೇಳೋಕಿಂತ ಮೊದಲೇ ಈ ರೊಟ್ಟಿ ಕೊಟ್ಟಾನ,” ಎಂದೆ. “ಬಿಸಿ ಅದ. ಉಣ್ಣು.”