ತಾಮ್ರದ ಬಣ್ಣದ ರೇಡಿಯೇಟರ್

ಆ ರೇಡಿಯೇಟರನ್ನು ಗೀರಿ ನೋಡಿದವನು ನಾನೇ ಎಂದು ಎಷ್ಟೋ ವರ್ಷ ಹೇಳಿಕೊಂಡು ಬಂದಿದ್ದೇನೆ. ಸ್ಕೂಟರಿನ ಕೀಲಿ, ಕರ್ ಎಂಬ ಸದ್ದು, ಎಲ್ಲವೂ ನೆನಪಿನಲ್ಲಿವೆ. ಇಷ್ಟು ಸ್ಪಷ್ಟವಾದ ನೆನಪನ್ನು ನಾನು ಸಾಮಾನ್ಯವಾಗಿ ನಂಬುವುದಿಲ್ಲ. ಹಾಗಾಗಿ ಓದುಗರೂ ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಲಿ.

ಎರಡು ಸಾವಿರದ ನಂತರದ ಮೊದಲ ವರ್ಷಗಳು. ಹೈದರಾಬಾದಿನಲ್ಲಿ ವಾರಕ್ಕೊಂದು ಹೊಸ ಕಂಪನಿಯ ಬೋರ್ಡು ಏಳುತ್ತಿತ್ತು. ಅಬಿಡ್ಸ್‌ನ ಹಳೆಯ ಕಟ್ಟಡವೊಂದರಲ್ಲಿದ್ದ ಅನಿಮೇಷನ್ ಕಂಪನಿಯಲ್ಲಿ ನಾನು ಸಿಸ್ಟಮ್ಸ್ ವಿಭಾಗದ ಮುಖ್ಯಸ್ಥ. ಚಿತ್ರಗಳನ್ನು ಲೆಕ್ಕಹಾಕಿ ಮೂಡಿಸುವ ನಮ್ಮ ಕಂಪ್ಯೂಟರುಗಳು ಬಿಡುವಿಲ್ಲದೆ ದುಡಿದು ವಿಪರೀತ ಕಾಯುತ್ತಿದ್ದವು. ಫ್ಯಾನು ಸಾಲದೆ ವಾಟರ್ ಕೂಲಿಂಗ್ ಹಾಕಿಸಿದೆವು. ಪ್ರೊಸೆಸರ್ ಮೇಲೆ ತಾಮ್ರದ ಬ್ಲಾಕ್ ಕೂರುತ್ತದೆ. ಅದರೊಳಗೆ ಹರಿಯುವ ನೀರು ಬಿಸಿಯನ್ನು ಹೊತ್ತು ರೇಡಿಯೇಟರಿಗೆ ಹೋಗಿ, ತಣಿದು ಮರಳುತ್ತದೆ. ರೇಡಿಯೇಟರೂ ‘ಪೂರ್ತಿ ತಾಮ್ರ’ ಎಂದಿದ್ದ ಸರಬರಾಜುದಾರರ ಪ್ರತಿನಿಧಿ ಶ್ರೀನಿವಾಸ್. ಬಣ್ಣವೂ ಹಾಗೇ ಇತ್ತು.

ಬ್ಲಾಕುಗಳನ್ನು ಬಿಚ್ಚಿ ತೊಳೆಯುವ ಕೆಲಸ ಸುಮಂಗಲಾಳದು. ರಾಯಚೂರು ಮೂಲದ ಮನೆತನ, ವಾಸ ದಿಲ್‌ಸುಖ್‌ನಗರ, ಹೊಸ ಇಂಜಿನಿಯರ್. ಪ್ರೊಬೇಷನ್ ಮುಗಿಯುವುದರಲ್ಲಿತ್ತು. ಅವಳು ತೊಳೆದ ಬ್ಲಾಕುಗಳು ಹೊಸದಾಗಿ ಬಂದಾಗ ಇದ್ದದ್ದಕ್ಕಿಂತ ಹೆಚ್ಚು ಹೊಳೆದವು. ಆ ಹೊಳಪು ನನಗೆ ಅಂದೇ ಸಂಶಯ ತಂದಿತ್ತು ಎಂದು ಈಗ ಅನಿಸುತ್ತದೆ. ಬಹುಶಃ ಆಮೇಲೆ ಸೇರಿಸಿಕೊಂಡ ನೆನಪೂ ಇರಬಹುದು.

ಕೆಲವು ವಾರಗಳಲ್ಲಿ ನೀರಿನ ಓಟ ನಿಧಾನವಾಯಿತು. ಒಂದು ರೇಡಿಯೇಟರ್ ಸೋರಿ, ಕೆಳಗಿದ್ದ ಮದರ್‌ಬೋರ್ಡ್ ಸುಟ್ಟಿತು. ಕೆಲಸ ನಿಂತಿತು. ನಾವು ಕರೆಯುವ ಮೊದಲೇ ಶ್ರೀನಿವಾಸ್ ಹಾಜರಾದ. ಏನಾಯಿತೆಂದು ಅವನಿಗೆ ಯಾರು ಹೇಳಿದ್ದರೋ, ಇಂದಿಗೂ ಗೊತ್ತಿಲ್ಲ.

“ಯಾತರಿಂದ ತೊಳೆದಿರಿ ಮೇಡಂ?” ಎಂದು ಕೇಳಿದ.

“ಹುಣಸೀಹಣ್ಣಿಂದ” ಎಂದಳು ಸುಮಂಗಲಾ, ಮುಚ್ಚಿಡದೆ.

ಅವನು ಹೊಟ್ಟೆ ಹಿಡಿದು ನಕ್ಕ. “ಕ್ಯಾ ಮೇಡಂ, ಕಂಪ್ಯೂಟರ್ ಮೇ ಚಾರು ಪಕಾಯೇ ಕ್ಯಾ?” ಕಂಪ್ಯೂಟರಿನಲ್ಲಿ ಸಾರು ಕುದಿಸಿದಿರಾ ಎಂದು. ಮಧ್ಯಾಹ್ನದೊಳಗೆ ಇಡೀ ಆಫೀಸು ಅದನ್ನೇ ಹೇಳಿಕೊಂಡು ನಗುತ್ತಿತ್ತು.

ಡೈರೆಕ್ಟರ್ ನನ್ನನ್ನು ಕರೆದು, ಹುಣಸೆಹಣ್ಣೇ ಕಾರಣವೆಂದು ವರದಿ ಬರೆದುಕೊಡಲು ಹೇಳಿದರು. ಬರೆದರೆ ಸುಮಂಗಲಾಳ ನೌಕರಿ ಅಲ್ಲಿಗೆ ಮುಗಿಯುತ್ತಿತ್ತು. ಯಂತ್ರ ಸುಟ್ಟವಳೆಂಬ ಹೆಸರು ಮುಂದಿನ ಕಂಪನಿಗೂ ಅವಳ ಬೆನ್ನು ಹತ್ತುತ್ತಿತ್ತು.

ನನಗೆ ಅವಳ ಮೇಲೂ ನಂಬಿಕೆ ಇರಲಿಲ್ಲ. “ಉಪ್ಪು ಹಾಕಿದ್ದಿಯೇನು? ಖರೇ ಹೇಳು” ಎಂದೆ. ಉಪ್ಪಿನ ಅಂಶ ಉಳಿದರೆ ಲೋಹಕ್ಕೆ ಕೇಡು.

“ಇಲ್ರಿ ಸರ್. ತೊಳಿಯೋ ದ್ರಾವಣ ಕಳಸ್ರಿ ಅಂತ ಈ ಶ್ರೀನಿವಾಸಗ ಎಷ್ಟು ಸಲ ಫೋನ್ ಹಚ್ಚೀನಿ, ಕಳಸಲೇ ಇಲ್ಲ. ಮನ್ಯಾಗ ತಾಮ್ರದ ಕೊಡಕ್ಕ ಹುಣಸೀಹಣ್ಣೇ ಹಚ್ಚತೀವಿ. ಆಮ್ಯಾಲೆ ಭಾಳ ನೀರಾಗ ತೊಳದೀನ್ರಿ. ನೌಕರಿ ಹೋದ್ರ ಹೋಗ್ಲಿ. ಸುಳ್ಳು ಕಾರಣಕ್ಕ ಹೋಗಬಾರದ್ರಿ” ಎಂದಳು.

ಮಾತು ಚೆನ್ನಾಗಿತ್ತು. ಸಾಕ್ಷಿಯಾಗಿರಲಿಲ್ಲ.

ಕೊಳವೆಗಳನ್ನು ಬಿಚ್ಚಿಸಿದೆ. ಒಳಗೆ ಬಿಳಿಯ, ಲೋಳೆಯಂಥ ಗಸಿ. ಅಲ್ಲೇ ನನಗೆ ತೊಡಕಾಯಿತು. ಹುಳಿ ತಾಮ್ರವನ್ನು ತಿಂದಿದ್ದರೆ ಹಸಿರೋ ನೀಲಿಯೋ ಕಾಣಬೇಕು. ಹಳೇ ತಂಬಿಗೆಯ ಕಿಲುಬು ನೋಡಿದವರಿಗೆಲ್ಲ ಇದು ಗೊತ್ತು. ಬಿಳಿ ಎಲ್ಲಿಂದ ಬಂತು? ಹುಳಿ ಮುಟ್ಟಿದ ಬ್ಲಾಕುಗಳು ಗಟ್ಟಿಯಾಗಿಯೇ ಇದ್ದವು. ಅವಳು ಮುಟ್ಟದ ರೇಡಿಯೇಟರಿನಲ್ಲಿ ತೂತು ಬಿದ್ದಿತ್ತು.

ಶ್ರೀನಿವಾಸ್ ಅಷ್ಟರಲ್ಲಿ ಅದನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ. “ರಿಪೇರಿಗೆ ಒಯ್ಯುತ್ತೇನೆ ಸಾರ್, ನೀವು ತಲೆ ಕೆಡಿಸಿಕೊಳ್ಳಬೇಡಿ.”

ಇಟ್ಟು ಹೋಗು ಎಂದೆ. ಡೈರೆಕ್ಟರರ ಮೇಜಿನ ಮೇಲೆ ಅದನ್ನಿಟ್ಟು, ಅಂಚಿನಲ್ಲಿ ಕೀಲಿಯಿಂದ ಗೀರಲಾಯಿತು. ತಾಮ್ರದ ಬಣ್ಣ ಪೇಂಟಿನಂತೆ ಎದ್ದುಬಂತು. ಪೇಂಟೇ ಆಗಿತ್ತು. ಕೆಳಗೆ ಬೆಳ್ಳಗಿನ ಲೋಹ, ನೋಡಲು ಅಲ್ಯೂಮಿನಿಯಂ. ಯಾರೂ ನಗಲಿಲ್ಲ. “ನಮಗೂ ಮೇಲಿನಿಂದ ಹಾಗೇ ಬಂತು ಸಾರ್” ಎಂದ ಶ್ರೀನಿವಾಸ್, ಗೋಡೆ ನೋಡುತ್ತ.

ತಾಮ್ರ, ಅಲ್ಯೂಮಿನಿಯಂ ಎರಡನ್ನೂ ಒಂದೇ ನೀರಿನ ಸುತ್ತಿನಲ್ಲಿ ಸೇರಿಸಿದರೆ ಅದು ಬ್ಯಾಟರಿಯಂತೆ ನಡೆದು ಅಲ್ಯೂಮಿನಿಯಂ ಸವೆದು ಬಿಳಿಯ ಗಸಿಯಾಗುತ್ತದೆ. ಇದಕ್ಕೆ ಗ್ಯಾಲ್ವಾನಿಕ್ ಕೊರೋಷನ್ ಎನ್ನುತ್ತಾರೆ. ನಾನು ವರದಿಯಲ್ಲಿ ಬರೆದದ್ದು ಇದನ್ನೇ. ಆಮೇಲೆ ನಿಜವಾದ ತಾಮ್ರದ ರೇಡಿಯೇಟರುಗಳನ್ನು ತರಿಸಿ, ಡಿಸ್ಟಿಲ್ಡ್ ನೀರಿಗೆ ತುಕ್ಕು ತಡೆಯುವ ದ್ರಾವಣ ಬೆರೆಸಿ ತುಂಬಿಸಿದೆವು. ಹುಣಸೆಹಣ್ಣನ್ನೂ ನಿಲ್ಲಿಸಿದೆವು. ಅದು ಈ ಸಲ ನಿರಪರಾಧಿ, ಅಷ್ಟೇ. ಸುಮಂಗಲಾಳ ನೌಕರಿ ಕಾಯಂ ಆಯಿತು.

ಕಸುಬು ಕಲಿಸಿದ್ದು ಇಷ್ಟು: ಎಲ್ಲರನ್ನೂ ನಗಿಸುವ ಕಾರಣವನ್ನು ಮೊದಲು ಅನುಮಾನಿಸಬೇಕು. ನಕ್ಕ ಮೇಲೆ ಯಾರೂ ಪರೀಕ್ಷೆ ಮಾಡುವುದಿಲ್ಲ.

ನಿವೃತ್ತಿಯ ನಂತರ ಸುಮಂಗಲಾಳಿಗೆ ಫೋನಿನಲ್ಲಿ ಈ ಕಥೆಯನ್ನು ನನ್ನ ಸ್ಕೂಟರ್ ಕೀಲಿಯ ಸಮೇತ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. “ಯಾವ ಸ್ಕೂಟರ್ರಿ ಸರ್? ನೀವು ಬಸ್ಸಿನ್ಯಾಗ ಬರ್ತಿದ್ರಿ! ಕೀಲಿ ನಂದು, ಗೀರಿದಾಕಿನೂ ನಾನೇ. ಆ ಡಬ್ಬಾ ರೇಡಿಯೇಟರ್ ಇನ್ನೂ ನಮ್ಮ ಮನ್ಯಾಗೇ ಐತಿ.”

ಅವಳು ಈಗ ಶಂಶಾಬಾದಿನಲ್ಲಿದ್ದಾಳೆ. ಹೋದೆ. ಗೀರು ಇತ್ತು. ಯಾರ ಕೈಯದೆಂದು ಗೀರು ಹೇಳುವುದಿಲ್ಲ, ಅವಳ ನೆನಪನ್ನೂ ನಾನು ಪೂರ್ತಿ ನಂಬಲಾರೆ. ಕೈಗವಸು ಹಾಕಿ, ಆ ಬೆಳ್ಳನೆಯ ಜಾಗದ ಮೇಲೆ ಕಾಸ್ಟಿಕ್ ಸೋಡಾ ನೀರಿನ ಒಂದು ಹನಿ ಬಿಟ್ಟೆ. ತಾಮ್ರವಾದರೆ ಸುಮ್ಮನಿರಬೇಕು, ಅಲ್ಯೂಮಿನಿಯಂ ಆದರೆ ಗುಳ್ಳೆ ಏಳಬೇಕು. ಇಬ್ಬರೂ ಬಗ್ಗಿ ನೋಡಿದೆವು. ಸಣ್ಣ ಸಣ್ಣ ಗುಳ್ಳೆಗಳು ಎದ್ದವು. ಅದು ಅಲ್ಯೂಮಿನಿಯಮ್ಮೇ.