ಕಾಲಾ ತೂಫಾನ್ ಬಿದ್ದ ಶುಕ್ರವಾರಗಳು

೧೯೯೦ರಲ್ಲಿ ನಾನು ಒಂಬತ್ತನೇ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟೆ. ದಡ್ಡನೆಂದು ಬಿಡಲಿಲ್ಲ, ಸೊಕ್ಕಿನಿಂದ ಬಿಟ್ಟೆ. ಗರಡಿಯ ಕೆಂಪು ಮಣ್ಣನ್ನು ತೊಳೆಯದೆ ತರಗತಿಯಲ್ಲಿ ಹೋಗಿ ಕೂತವನಿಗೆ ಮಾಸ್ತರರು, "ಒಂದೋ ಸಾಲಿಗೆ ಬಾ, ಇಲ್ಲಾ ಗರಡಿಗೆ ಹೋಗು" ಎಂದಿದ್ದರು. ಬೈಗುಳವೆಂದು ತಿಳಿಯದೆ, ಅಪ್ಪಣೆಯೆಂದು ತಿಳಿದು ಎದ್ದು ಹೋದೆ.

ಇದೆಲ್ಲ ಈಗ ನೆನಪಾಗಲು ಒಂದು ವಾಸನೆ ಕಾರಣ. ಮೊನ್ನೆ ಕಂಪನಿಯ ಗಾಡಿಗೆ ಸೀಟ್ ಕವರ್ ಹಾಕಿಸಲು ದೋಹಾ ಅಲ್ ಜದೀದಾಕ್ಕೆ ಹೋಗಿದ್ದೆ. ಅಂಗಡಿಯವನು ಕಪ್ಪು ರೆಕ್ಸಿನ್ ಸುರುಳಿ ಬಿಚ್ಚಿದ. ಕಾದ ರೆಕ್ಸಿನ್ನಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಕುತ್ತಿಗೆಯ ಹಿಂದೆ ಹೋಗಿ ಮುಖವಾಡದ ಲಾಡಿ ಹುಡುಕಿತು. ನಾಲ್ಕು ವರ್ಷ ನಾನು ಆ ವಾಸನೆಯ ಒಳಗಿದ್ದು ಕುಸ್ತಿ ಆಡಿದವನು. ನೀವು ನಗಬಹುದು, ನನ್ನ ಹೆಂಡತಿಯೂ ನಗುತ್ತಾಳೆ.

ಕತಾರಿಗೆ ಬಂದದ್ದು ೨೦೦೩ರಲ್ಲಿ, ಕಟ್ಟಡಗಳಿಗೆ ಪೈಪಿನ ಸ್ಕಫೋಲ್ಡಿಂಗ್ ಕಟ್ಟುವ ಕೆಲಸಕ್ಕೆ. ಮರುವರ್ಷ ಸಂಜೀವಣ್ಣ ಸಿಕ್ಕರು. ಮಂಗಳೂರು ಕಡೆಯವರು, ವಾರವೆಲ್ಲ ಮುಶೈರಿಬ್‌ನಲ್ಲಿ ಟೈಪಿಂಗ್ ಸೆಂಟರ್ ನಡೆಸಿ, ಶುಕ್ರವಾರ ಸಂಜೆ ಕಾರ್ಮಿಕರ ಕ್ಯಾಂಪುಗಳಲ್ಲಿ ಕುಸ್ತಿ ಶೋ ಮಾಡಿಸುತ್ತಿದ್ದರು. ಒಂದು ವಾರ ಅಲ್ ಖೋರ್, ಒಂದು ವಾರ ದುಖಾನ್, ಹೀಗೆ ಸುತ್ತು. ಶೋದ ಹೀರೋ ಗುರ್ಮೀತ್ ಎಂಬ ಪಂಜಾಬಿ ಲಾರಿ ಚಾಲಕ. ಅವನ ಕೈಯಲ್ಲಿ ಪೆಟ್ಟು ತಿನ್ನಲು ಒಬ್ಬ ಖಳ ಬೇಕಿತ್ತು. ರೆಕ್ಸಿನ್ ಮುಖವಾಡ, 'ಕಾಲಾ ತೂಫಾನ್' ಎಂಬ ಹೆಸರು, ಹತ್ತನೇ ನಿಮಿಷಕ್ಕೆ ಬೆನ್ನು ಕೆಳಗೆ ಮಾಡಿ ಬೀಳುವುದು. ಇಷ್ಟೇ ಕೆಲಸ. ಮುಖ ಕಾಣದಿದ್ದ ಮೇಲೆ ಸೋತವನು ನಾನಲ್ಲವಲ್ಲ ಎಂದು ಒಪ್ಪಿಕೊಂಡೆ.

ಆದರೆ ಬೆನ್ನಿಗೆ ಮುಖವಾಡ ಇರಲಿಲ್ಲ. ನಮ್ಮ ಗರಡಿಯಲ್ಲಿ ಬೆನ್ನು ನೆಲಕ್ಕೆ ಹತ್ತಿದರೆ ಕಥೆ ಮುಗಿಯಿತು. ನನಗೆ ಕಲಿಸಿದ ವಸ್ತಾದ ನನ್ನ ಸೋದರಮಾವ. ಹದಿಮೂರು ವರ್ಷ ಆತ ನನ್ನ ಮೈಗೆ ಹೇಳಿಕೊಟ್ಟದ್ದು ಅದೊಂದೇ, ಬೆನ್ನು ಕೊಡಬೇಡ ಎಂದು. ಮೊದಲ ಶುಕ್ರವಾರ ಗುರ್ಮೀತ್ ನನ್ನ ಸೊಂಟ ಹಿಡಿದು ಎತ್ತಿದ. ನಾನು ಬೀಳುವ ತಯಾರಿಯಲ್ಲೇ ಇದ್ದೆ. ಗಾಳಿಯಲ್ಲಿ ಮೈ ತಾನೇ ತಿರುಗಿತು. ಕಣ್ಣು ಬಿಟ್ಟಾಗ ಅವನು ಕೆಳಗೆ, ನಾನು ಅವನ ಎದೆಯ ಮೇಲೆ. ಆಗಿದ್ದು ಎರಡೇ ನಿಮಿಷ. ಕೂತ ಸಾವಿರ ಜನಕ್ಕೆ ಚಪ್ಪಾಳೆ ಹೊಡೆಯಬೇಕೋ ಬೇಡವೋ ತಿಳಿಯಲಿಲ್ಲ.

"ಎಂತ ಮಾರಾಯ, ಎರಡು ನಿಮಿಷಕ್ಕೆ ಖಲಾಸ್ ಮಾಡಿದ್ದು?" ಎಂದರು ಸಂಜೀವಣ್ಣ. "ಉಳಿದ ಎಂಟು ನಿಮಿಷ ನಾನು ಅಲ್ಲಿ ನಿಂತು ಭಜನೆ ಹೇಳುವುದಾ?"

ಗುರ್ಮೀತ್ ಬೆನ್ನು ಒರೆಸಿಕೊಳ್ಳುತ್ತ ಹಿಂದಿಯಲ್ಲಿ ಕೇಳಿದ: "ಭಾಯಿ, ಹೀರೋ ಯಾರು, ನಾನೋ ನೀನೋ?"

ಎರಡನೇ ವಾರವೂ ಅದೇ ಆಯಿತು. ಸಂಜೀವಣ್ಣ ಈ ಸಲ ತಮಾಷೆ ಮಾಡಲಿಲ್ಲ. "ನೀನು ಬೀಳಲಿಕ್ಕೆ ಬಂದವ. ಬರುವ ವಾರ ಬೀಳದಿದ್ದರೆ ಮತ್ತೆ ಬರುವುದು ಬೇಡ, ಆಯ್ತಾ."

ಬಿಟ್ಟುಬಿಡಬಹುದಿತ್ತು. ಆದರೆ ವಾರವಿಡೀ ಪೈಪು ಬಿಗಿಯುವ ಕೈಗೆ ಶುಕ್ರವಾರ ಒಂದು ದಿನ ತನ್ನ ವಿದ್ಯೆ ಸಿಗುತ್ತಿತ್ತು. ನನಗೆ ಗೊತ್ತಿದ್ದ ವಿದ್ಯೆ ಅದೊಂದೇ. ಅದನ್ನು ಉಳಿಸಿಕೊಳ್ಳಲು ಬೀಳಬೇಕು, ಬಿದ್ದರೆ ಮಾವನಿಗೆ ಯಾವ ಮುಖ ತೋರಿಸಲಿ? ಕೊನೆಗೆ ಅವನಿಗೇ ಫೋನು ಮಾಡಿದೆ.

"ಮಾವಾ, ಇಲ್ಲಿ ಬೇಕಂತ ಬೀಳಬೇಕಾಗೇತಿ. ಮಂದಿ ಮುಂದ."

"ಯಾಕ?"

"ನಾ ಬೀಳಲಿಲ್ಲಂದ್ರ ಆಟ ಆಗೂದಿಲ್ಲ."

ಆ ಕಡೆ ಎಮ್ಮೆಯ ಸರಪಳಿ ಸದ್ದು ಮಾಡಿತು. ಮಾವ ಕೇಳಿದ: "ನಿಮಗೆಲ್ಲಾ ಪಟ್ಟು ಕಲಿಸುಮುಂದ ನಾ ಎಷ್ಟ ಸಲ ಬಿದ್ದೇನಿ, ಎಣಿಸಿಯೇನ್ಲೇ?"

"ಇಲ್ಲ ಮಾವಾ."

"ನಾನೂ ಎಣಿಸಿಲ್ಲ. ಬೀಳುಮುಂದ ಗದ್ದ ಎದಿಗೆ ಹಚ್ಚು, ಇಲ್ಲಾಂದ್ರ ತಲಿ ಬಡಿಸ್ಕೋತಿ. ಇಡು ಫೋನು, ಎಮ್ಮಿಗೆ ನೀರ ಕುಡಿಸೂದೈತಿ."

ಹೌದಲ್ಲ. ಮಾವ ನಮ್ಮ ಕೈಯಲ್ಲಿ ದಿನಾ ಬೀಳುತ್ತಿದ್ದ. ನಮ್ಮಂಥ ಚೋಟುದ್ದ ಹುಡುಗರು ಆತನನ್ನು ಎತ್ತಿ ಒಗೆದು ಮೀಸೆ ತಿರುವುತ್ತಿದ್ದೆವು. ಆತ ಬೀಳುತ್ತಿದ್ದದ್ದರಿಂದ ನಮಗೆ ಪಟ್ಟು ಬಂತು ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಮೂರನೇ ಶುಕ್ರವಾರ ಗುರ್ಮೀತ್ ಎತ್ತಿದಾಗ ಗದ್ದವನ್ನು ಎದೆಗೆ ಹಚ್ಚಿದೆ, ಕಣ್ಣು ಮುಚ್ಚಿದೆ, ಬೆನ್ನು ಕೊಟ್ಟೆ. ಧಡ್ ಎಂದಿತು. ಆಮೇಲೆ ಎದ್ದ ಕೂಗನ್ನು ನೀವು ಕೇಳಬೇಕಿತ್ತು. ವಾರವಿಡೀ ಮೇಸ್ತ್ರಿಯ ಬೈಗುಳ ತಿಂದವರೆಲ್ಲ ಎದ್ದು ನಿಂತು ಕುಣಿದರು. ಕಾಲಾ ತೂಫಾನನ ಜಾಗದಲ್ಲಿ ಯಾರನ್ನು ಕಂಡರೋ. ಗುರ್ಮೀತ್ ನನ್ನ ಕಿವಿಯ ಹತ್ತಿರ ಬಾಗಿ, "ಶುಕ್ರಿಯಾ ಉಸ್ತಾದ್" ಎಂದ.

ಎದ್ದವನು ಗರಡಿಯ ಅಭ್ಯಾಸ ಬಲದಿಂದ ಗಾದಿಯನ್ನು ಮುಟ್ಟಿದ ಕೈಯನ್ನು ಹಣೆಗೆ ಒತ್ತಿಕೊಂಡೆ. ಆಮೇಲೆ ಶೋದ ಟೆಂಟಿನ ಹಿಂದೆ ಒಬ್ಬ ಗದಗ ಕಡೆಯ ವೆಲ್ಡರ್ ಬಂದು ನಿಂತ. "ನೀವು ಗರಡ್ಯಾಗ ಬೆಳದವರಲ್ರಿ? ಹಣಿಗೆ ಮುಟ್ಟಿಸ್ಕೊಂಡಿದ್ದು ನೋಡೀನ್ರಿ."

ನಾನು ಮುಖವಾಡ ತೆಗೆಯಲಿಲ್ಲ.

"ಬೇಕಂತ ಬಿದ್ರಿ, ಗೊತ್ತಾತು. ಯಾರ ಮುಂದೂ ಹೇಳಂಗಿಲ್ಲ ಬಿಡ್ರಿ." ಹೋಗುತ್ತ ತಿರುಗಿ ನೋಡಿದ. "ಛಲೋ ಬಿದ್ರಿ."

ಗೆದ್ದ ಯಾವ ಕುಸ್ತಿಗೂ ನನಗೆ ಅಂಥ ಮಾತು ಸಿಕ್ಕಿರಲಿಲ್ಲ. ೨೦೦೮ರಲ್ಲಿ ಮೊಣಕಾಲು ಕೈಕೊಡುವವರೆಗೆ ಬಿದ್ದೆ. "ನಿನ್ನ ಹಾಗೆ ಸೋಲುವವ ಇನ್ನು ಸಿಗಲಿಕ್ಕಿಲ್ಲ" ಎಂದು ಸಂಜೀವಣ್ಣ ಕೈ ಹಿಡಿದುಕೊಂಡರು. ಅದನ್ನು ನಾನು ಈಗಲೂ ಸ್ವಲ್ಪ ಜಂಬದಿಂದಲೇ ಹೇಳಿಕೊಳ್ಳುತ್ತೇನೆ.

ಈಗ ಅಲ್ ಅಜೀಜಿಯಾದ ನಮ್ಮ ಮನೆಯ ಹಿಂದೆ ಒಂದು ಖಾಲಿ ಜಾಗವಿದೆ. ಶುಕ್ರವಾರ ಬೆಳಿಗ್ಗೆ ಸೈಟಿನ ಕೆಲವರು ಅಲ್ಲಿಗೆ ಕುಸ್ತಿ ಕಲಿಯಲು ಬರುತ್ತಾರೆ. ಮೊನ್ನೆಯ ತನಕ ನಾನು ಬದಿಗೆ ನಿಂತು ಬಾಯಲ್ಲಿ ಹೇಳಿಕೊಡುತ್ತಿದ್ದೆ, ಮೊಣಕಾಲಿನ ನೆಪ ಹೇಳಿ. ಇವತ್ತು ಅಂಗಿ ಬಿಚ್ಚಿ ಮರಳಿಗೆ ಇಳಿದೆ. ಹದಿನಾಲ್ಕು ಸಲ ಬಿದ್ದೆ.

ನನಗಿರುವುದು ಒಬ್ಬ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಎರಡು ಕೋಣೆಯ ಬಾಡಿಗೆ ಮನೆ, ಕೈಕೆಳಗೆ ಇಪ್ಪತ್ತೆರಡು ಜನ ಕೆಲಸಗಾರರು, ನೆಟ್ಟಗಿರುವ ಒಂದು ಮೊಣಕಾಲು, ಆರು ಮಂದಿ ಶಿಷ್ಯರು.