ಹೆಣಿಗೆ ಕಡ್ಡಿಯೂ ಓಣಿಯ ನಳವೂ

ನನ್ನ ಹೆಂಡತಿ ಸ್ವೆಟರ್ ಹೆಣೆಯಲು ಕೂತರೆ ನಾನು ಮೆಲ್ಲಗೆ ಎದ್ದು ಹೊರಗೆ ಹೋಗುತ್ತೇನೆ. ಉಣ್ಣೆ ಕಂಡರೆ ನನಗೆ ಸೀನು ಬರುತ್ತದೆ ಎಂದು ಆಕೆ ತಿಳಿದಿದ್ದಾಳೆ. ನಿಜ ಹೇಳುತ್ತೇನೆ, ಆ ಕಡ್ಡಿಯನ್ನು ಕಂಡರೆ ನನಗೆ ನಾಚಿಕೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸಂಖ್ಯಾಶಾಸ್ತ್ರದ ಮೇಷ್ಟ್ರಾದ ನಾನು ಮುಂಬಯಿಗೆ ಹೋಗಿ, ತೂತು ಹೊಡೆದ ಚೀಟಿಗಳನ್ನು ನುಂಗಿ ಲೆಕ್ಕ ಉಗುಳುವ ಯಂತ್ರವನ್ನು ನೋಡಿ ಬಂದಿದ್ದೆ. ಅದಕ್ಕೆ ಮೊದಲೇ ಬರೆದುಕೊಡುವ ಆಜ್ಞೆಗಳ ಸಾಲಿಗೆ ಪ್ರೋಗ್ರಾಮ್ ಎನ್ನುತ್ತಾರಂತೆ. ನಮ್ಮ ಧಾರವಾಡದಲ್ಲಿ ಪ್ರೋಗ್ರಾಮ್ ಎಂದರೆ ತಂಬೂರಿ ಶ್ರುತಿಗೆ ಬರುವುದನ್ನು ಕಾಯುತ್ತ ಜಮಖಾನೆಯ ಮೇಲೆ ಕೂರುವುದು. ಈ ಅಜ್ಞಾನವನ್ನು ಹೋಗಲಾಡಿಸುವ ಹೊಣೆ ನನ್ನದೇ ಎಂದು ನನಗೆ ಅನ್ನಿಸಿಬಿಟ್ಟಿತು.

ಅವಕಾಶ ತಾನಾಗಿ ಬಂತು. ಮಾಳಮಡ್ಡಿಯ ನಮ್ಮ ಓಣಿಗೆ ಒಂದೇ ಒಂದು ನಳ ಮಂಜೂರಾಗಿತ್ತು. ಎಲ್ಲಿ ಹಾಕಿಸಬೇಕೆಂದು ಜನರ ಅಭಿಪ್ರಾಯ ತಿಳಿದುಕೊಡಿ ಎಂದು ನಮ್ಮ ವಾರ್ಡಿನ ಮೆಂಬರರು ನನ್ನನ್ನು ಕೇಳಿದರು. ವೋಟು ಇದ್ದವರಿಗೆಲ್ಲ ಒಂದೊಂದು ಚೀಟಿ ಮಾಡಿದೆ. ಅಂಚಿನಲ್ಲಿ ಸಾಲಾಗಿ ತೂತುಗಳು, ಒಂದೊಂದು ಪ್ರಶ್ನೆಗೆ ಒಂದೊಂದು. ಉತ್ತರ 'ಹೌದು' ಆದರೆ ಆ ತೂತನ್ನು ಅಂಚಿನವರೆಗೆ ಕತ್ತರಿಸುವುದು. ಚೀಟಿಗಳನ್ನು ಜೋಡಿಸಿ ತೂತಿನೊಳಗೆ ಹೆಂಡತಿಯ ಹೆಣಿಗೆ ಕಡ್ಡಿ ತೂರಿಸಿ ಎತ್ತಿದರೆ 'ಹೌದು' ಎಂದವು ಕೆಳಗೆ ಉದುರುತ್ತವೆ, ಉಳಿದವು ಕಡ್ಡಿಗೆ ಜೋತುಬೀಳುತ್ತವೆ.

ಭಾನುವಾರ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಓಣಿಯೆಲ್ಲ ನೆರೆಯಿತು. ಜನರ ಮಾತು ಹೇಗೆ ಸೋಸಿಕೊಂಡು ಪ್ರತಿನಿಧಿಯ ಕಿವಿಗೆ ಬೀಳುತ್ತದೆ ಎಂದು ಭಾಷಣ ಬಿಗಿದೆ. ಮೊದಲ ಸಲ ಕಡ್ಡಿ ತೂರಿಸಿದ್ದು 'ಮನೆಯ ಯಜಮಾನರೇ?' ಎಂಬ ತೂತಿಗೆ. ಉದುರಿದ ಚೀಟಿಗಳಿಗೆ ಮಾತ್ರ ಎರಡನೆಯ ಪ್ರಶ್ನೆ: ನಳ ಓಣಿಯ ಬಾಯಲ್ಲಿ ಬೇಡ, ನಡುವೆ ಬೇವಿನ ಗಿಡದ ಹತ್ತಿರ ಇರಲೇ? ಓಣಿಯ ಬಾಯಿಯೇ ಗೆದ್ದಿತು. ಅಲ್ಲಿದ್ದರೆ ಓಣಿಗೆ ಭೂಷಣ ಎಂಬುದು ಯಜಮಾನರ ಅಭಿಪ್ರಾಯ.

"ಖರೇ ಪ್ರಜಾಪ್ರಭುತ್ವ ಅಂದ್ರ ಇದ ನೋಡ್ರಿ!" ಎಂದು ಮೆಂಬರರು ನನ್ನ ಬೆನ್ನು ತಟ್ಟಿದರು. ನಾನು ಉಬ್ಬಿಹೋದೆ.

ಆಗ ಎದುರುಮನೆಯ ಚೆನ್ನವ್ವ ಎದ್ದು ನಿಂತಳು. ಶಾಲೆಯ ಮುಖ ಕಂಡವಳಲ್ಲ.

"ಅಲ್ರೀ ಮಾಸ್ತರ, ಆ ಕಡ್ಡೀಗೆ ಜೋತುಬಿದ್ದಾವಲ್ಲ, ಅವು ಯಾರ ಚೀಟಿರಿ?"

"ಹೆಚ್ಚಾಗಿ ಹೆಣ್ಮಕ್ಕಳವು..." ಎಂದೆ. ಅದರಲ್ಲಿ ನನ್ನ ಹೆಂಡತಿಯದೂ ಇತ್ತು.

"ನೀರು ಹೊರಾವ್ರು ನಾವು. ನಮ್ಮನ್ನೂ ಕೇಳಿ ಬರಕೊಂಡು ಹೋಗಿ, ಈಗ ಅಲ್ಲೇ ನೇತುಹಾಕೀರಲ್ರಿ?"

ಕಾಲೇಜಿನಲ್ಲಿ ಎರಡು ವರ್ಷ ಕಲಿತವರಿಗೂ ಹೊಳೆಯದ್ದು ಆಕೆಗೆ ಹತ್ತು ನಿಮಿಷದಲ್ಲಿ ಹೊಳೆದಿತ್ತು. ಆ ಚೀಟಿಗಳಿಗೂ ಕಡ್ಡಿ ತೂರಿಸಲು ಐದು ನಿಮಿಷ ಸಾಕಿತ್ತು. ಆದರೆ ಬೆನ್ನ ಮೇಲೆ ಮೆಂಬರರ ಕೈ ಇನ್ನೂ ಬೆಚ್ಚಗಿತ್ತು.

"ಯಂತ್ರಕ್ಕ ಒಮ್ಮೆ ಕ್ರಮ ಹಾಕಿಕೊಟ್ರ ಮುಗೀತವ್ವ. ನಡುವ ಬದಲಿ ಮಾಡಾಕ ಬರೂದಿಲ್ಲ" ಎಂದೆ.

ಯಂತ್ರ ಎಲ್ಲಿತ್ತು? ಇದ್ದದ್ದು ನನ್ನ ಕೈ, ಹೆಂಡತಿಯ ಕಡ್ಡಿ. ಚೆನ್ನವ್ವ ನನ್ನ ಮುಖವನ್ನೊಮ್ಮೆ ನೋಡಿ ಕೂತಳು.

ಎಲ್ಲರೂ ಹೋದ ಮೇಲೆ ಒಳಕೋಣೆಯಲ್ಲಿ ಆ ಚೀಟಿಗಳಿಗೂ ಕಡ್ಡಿ ತೂರಿಸಿದೆ. ಹೆಚ್ಚುಕಡಿಮೆ ಎಲ್ಲವೂ ಬೇವಿನ ಗಿಡದ ಕಡೆಗೇ ಉದುರಿದವು. ಎರಡೂ ಕೂಡಿಸಿದರೆ ಬೇವಿನ ಗಿಡವೇ ಗೆದ್ದಿತ್ತು. ಚೀಟಿಗಳನ್ನು ಕಟ್ಟಿ ಟ್ರಂಕಿನಲ್ಲಿಟ್ಟೆ, ಯಾರಿಗೂ ಹೇಳಲಿಲ್ಲ. ಹೇಳುವ ಧೈರ್ಯ ಬರುವಷ್ಟರಲ್ಲಿ ಓಣಿಯ ಬಾಯಲ್ಲಿ ಸಿಮೆಂಟು ಒಣಗಿತ್ತು.

ಆಮೇಲೆ ದಿನಾ ಬೆಳಿಗ್ಗೆ ಕಿಟಕಿಯ ಮುಂದೆ ಕೊಡಗಳ ಮೆರವಣಿಗೆ. ಒಂದು ವಾರ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕೂತೆ. ಎಂಟನೆಯ ದಿನ ತಡೆಯಲಾರದೆ ಚೆನ್ನವ್ವನೆದುರು ನಿಂತು, ಅವತ್ತು ಹೇಳಿದ್ದು ಸುಳ್ಳು ಎಂದೆ.

"ಅವತ್ತ ಗೊತ್ತಿತ್ತರಿ" ಎಂದಳು. "ಕಡ್ಡಿ ನಿಮ್ಮ ಕೈಯಾಗ ಇತ್ತಲ್ರಿ."

ಬೈದಿದ್ದರೆ ಹಗುರಾಗುತ್ತಿತ್ತು. ನಾನು ಮನೆಗೆ ಬಂದು ತಾಮ್ರದ ಕೊಡ ಎತ್ತಿಕೊಂಡು ನಳಕ್ಕೆ ಹೋದೆ. ಯಜಮಾನರೆಲ್ಲ ಕಟ್ಟೆಯ ಮೇಲೆ ಕೂತು ನಕ್ಕರು. ಚೆನ್ನವ್ವ ಮಾತ್ರ ನಗದೆ ತನ್ನ ತಲೆಯ ಸಿಂಬಿ ತೆಗೆದುಕೊಟ್ಟಳು. ಬೇವಿನ ಗಿಡ ಮುಟ್ಟುವಷ್ಟರಲ್ಲಿ ಕುತ್ತಿಗೆ ಬಿದ್ದುಹೋಯಿತು, ಅರ್ಧ ನೀರು ಅಂಗಿಯ ಮೇಲಿತ್ತು. ಚೀಟಿಗಳಿಗೆ ಅಷ್ಟೊಂದು ತೂತು ಹೊಡೆದಿದ್ದೆ. ಓಣಿ ಎಷ್ಟು ಉದ್ದ ಎಂಬ ಪ್ರಶ್ನೆಗೆ ಮಾತ್ರ ಒಂದೂ ಇರಲಿಲ್ಲ.